ಹಳೆಯ ಅಂಬಾಸಿಡರಿಗೆ ಡ್ಯಾಶ್‌ಬೋರ್ಡ್ ಮರಳಿ ಕೂರಿಸುವ ಕೆಲಸ

ಟಿಂಕರಿಂಗ್ ಮುಗಿದು, ಹೊಸ ಬಣ್ಣ ಹೊಡೆಸಿಕೊಂಡು ಹಳೆಯ ಕಾರು ಶೆಡ್ಡಿಗೆ ಮರಳಿದ ದಿನ ಮನಸ್ಸಿಗೆ ಆತುರ ಹತ್ತುತ್ತದೆ. ಡ್ಯಾಶ್‌ಬೋರ್ಡ್ ಒಂದನ್ನು ಕೂರಿಸಿಬಿಟ್ಟರೆ ಬರಿಯ ತಗಡಿನ ಗೂಡು ಮತ್ತೆ ಗಾಡಿಯಂತೆ ಕಾಣುತ್ತದೆ ಎಂಬ ಆಸೆಯೇ ಅದಕ್ಕೆ ಕಾರಣ. ಈ ಆತುರವನ್ನು ಒಂದೆರಡು ವಾರ ತಡೆದುಕೊಳ್ಳಿ ಎಂಬುದೇ ಇಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು. ಡ್ಯಾಶ್‌ಬೋರ್ಡ್ ಒಂದು ಮುಚ್ಚಳ. ಅದರ ಹಿಂದೆ ಹೋಗುವ ವೈರು, ಕೇಬಲ್, ಪೈಪು, ಮೀಟರುಗಳೆಲ್ಲ ಮುಚ್ಚಳ ಬೀಳುವ ಮೊದಲೇ ಕೆಲಸ ಮಾಡಿ ತೋರಿಸಿರಬೇಕು. ಬಳ್ಳಾರಿಯಲ್ಲಿ ನಮ್ಮ ಮನೆಯ ಅಂಬಾಸಿಡರಿಗೆ ಈ ಕೆಲಸವನ್ನು ನಾನು ಎರಡು ಸಲ ಮಾಡಿದ್ದೇನೆ. ಎರಡನೆಯ ಸಲ ಮಾಡಬೇಕಾಗಿ ಬಂದದ್ದು ಮೊದಲ ಸಲ ಪರೀಕ್ಷಿಸದೆ ಮುಚ್ಚಿದ್ದರಿಂದ.

ಮೊದಲಿಗೆ ಒಂದು ಎಚ್ಚರಿಕೆ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರಿನ ತಯಾರಿಕೆ 1957ರಲ್ಲಿ ಆರಂಭವಾಗಿ 2014ರಲ್ಲಿ ನಿಂತಿತು. ಹೊರಮೈ ಹೆಚ್ಚು ಬದಲಾಗದಿದ್ದರೂ ಈ ಐದೂವರೆ ದಶಕಗಳಿಗೂ ಹೆಚ್ಚಿನ ಅವಧಿಯಲ್ಲಿ ಡ್ಯಾಶ್‌ಬೋರ್ಡಿನ ಆಕಾರ, ಮೀಟರುಗಳ ಜೋಡಣೆ, ಸ್ವಿಚ್ಚುಗಳು ಹಲವು ಬಾರಿ ಬದಲಾಗಿವೆ. ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಹೋಗಿ ಆಲ್ಟರ್ನೇಟರ್ ಬಂದಿದೆ. ಆದ್ದರಿಂದ ಬೇರೆಯವರ ಗಾಡಿಯ ವೈರಿಂಗ್ ನಕ್ಷೆ ನಿಮ್ಮ ಗಾಡಿಗೆ ಹೊಂದುತ್ತದೆ ಎಂದು ನಂಬಬೇಡಿ. ಬಿಚ್ಚುವಾಗ ನೀವೇ ತೆಗೆದ ಫೋಟೋಗಳು, ವೈರಿಗೆ ಕಟ್ಟಿದ ಚೀಟಿಗಳು, ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಟ್ಟ ಸ್ಕ್ರೂಗಳು ಯಾವ ಪುಸ್ತಕಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಪದ್ಮಿನಿ ಕಾರು ಇಟ್ಟುಕೊಂಡವರಿಗೂ ಇಲ್ಲಿನ ಕ್ರಮ ಬಹುಪಾಲು ಹೊಂದುತ್ತದೆ. ಆದರೆ ಫಿಯೆಟ್ ಮೂಲದ ಆ ಗಾಡಿಯ ಬೋಲ್ಟುಗಳು ಎಂಎಂ ಅಳತೆಯವು, ಮೋರಿಸ್ ಮೂಲದ ಅಂಬಾಸಿಡರಿನವು ಹೆಚ್ಚಾಗಿ ಇಂಚಿನವು. ಇಂಚಿನ ಬೋಲ್ಟಿಗೆ ಎಂಎಂ ಪಾನಾ ಹಾಕಿ ತಲೆ ಸವೆಸಿದರೆ, ಕೈ ಹೋಗದ ಆ ಸಂದಿಯಲ್ಲಿ ಅದನ್ನು ಬಿಚ್ಚಲು ಅರ್ಧ ದಿನ ಬೇಕಾಗುತ್ತದೆ.

ನಮ್ಮ ಸೀಮೆಯ ಗಾಡಿಗಳಿಗೆ ಒಂದು ವಿಶೇಷವಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಒಣ ಹವೆಯಲ್ಲಿ ಕರಾವಳಿಯ ಗಾಡಿಗಳಷ್ಟು ತುಕ್ಕು ಹಿಡಿಯುವುದಿಲ್ಲ. ತಗಡು ಗಟ್ಟಿಯಾಗಿಯೇ ಉಳಿದಿರುತ್ತದೆ. ಬಿಸಿಲಿಗೆ ಬಲಿಯಾಗುವುದು ರಬ್ಬರು ಮತ್ತು ವೈರಿನ ಮೇಲಿನ ಹೊದಿಕೆ. ಏಪ್ರಿಲ್–ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ಊರಿನಲ್ಲಿ, ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಹೀಗೆ ನಲವತ್ತು ಬೇಸಿಗೆ ಕಂಡ ವೈರನ್ನು ಬೆರಳಲ್ಲಿ ಬಾಗಿಸಿದರೆ ಹೊದಿಕೆ ಹಪ್ಪಳದಂತೆ ಪಟಪಟನೆ ಮುರಿದು ಒಳಗಿನ ತಾಮ್ರ ಕಾಣುತ್ತದೆ. ಇದರ ಜೊತೆಗೆ ಸಂಡೂರು ಕಡೆಯ ಗಣಿಯ ಕೆಂಪು ಧೂಳು ಮೀಟರಿನ ಗಾಜಿನ ಒಳಗೂ ಸೇರಿಕೊಂಡಿರುತ್ತದೆ. ಹೊರಗೆ ಚೆನ್ನಾಗಿ ಕಾಣುವ ಗಾಡಿಯ ಡ್ಯಾಶ್‌ಬೋರ್ಡಿನ ಹಿಂದೆ ಏನಿದೆ ಎಂದು ಬಗ್ಗಿ ನೋಡದೆ ಏನನ್ನೂ ನಿರ್ಧರಿಸಬಾರದು.

ಫೈರ್‌ವಾಲಿನಿಂದ ಆರಂಭಿಸಿ

ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ ಇರುವ ತಗಡಿನ ಗೋಡೆಯೇ ಫೈರ್‌ವಾಲ್. ಡ್ಯಾಶ್‌ಬೋರ್ಡ್ ಇಲ್ಲದ ಈ ಹೊತ್ತಿನಲ್ಲಿ ಕೈಗೆ ಸಿಗುವಷ್ಟು ಅದು ಮುಂದೆ ಎಂದೂ ಸಿಗುವುದಿಲ್ಲ. ವೈಪರ್ ಮೋಟಾರು, ಅದರ ಕಡ್ಡಿಗಳು, ಗಾಜಿಗೆ ಗಾಳಿ ಒಯ್ಯುವ ಕೊಳವೆಗಳು, ಪೆಡಲುಗಳ ಬುಷ್, ಬ್ರೇಕ್ ಲೈಟ್ ಸ್ವಿಚ್ಚು ಇವೆಲ್ಲವನ್ನೂ ಈಗಲೇ ಮುಗಿಸಿಕೊಳ್ಳಬೇಕು. ವೈಪರ್ ಕಡ್ಡಿಗಳಿಗೆ ಗ್ರೀಸ್ ಹಚ್ಚಿ, ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ಕರೆಂಟು ಕೊಟ್ಟು ಐದು ನಿಮಿಷ ಓಡಿಸಿ ನೋಡಿ.

ಫೈರ್‌ವಾಲಿನ ಪ್ರತಿಯೊಂದು ತೂತಿಗೂ ಹೊಸ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಇದರಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಬಾರದು. ಗ್ರೊಮೆಟ್ ಇಲ್ಲದ ತೂತಿನ ಅಂಚು ವೈರಿನ ಹೊದಿಕೆಯನ್ನು ದಿನದಿನವೂ ಸವೆಸಿ, ಒಂದು ದಿನ ಶಾರ್ಟ್ ಮಾಡುತ್ತದೆ. ಫ್ಯೂಸ್ ಇಲ್ಲದ ವೈರಾದರೆ ಅಲ್ಲಿಂದಲೇ ಬೆಂಕಿ ಏಳುತ್ತದೆ. ಡ್ಯಾಶ್‌ಬೋರ್ಡಿನ ಬೋಲ್ಟುಗಳು ಕೂಡುವ ನಟ್ಟುಗಳಲ್ಲಿ ಪೇಂಟು ತುಂಬಿಕೊಂಡಿರುವುದು ಖಚಿತ. ಅವುಗಳಿಗೆ ಸರಿಯಾದ ಅಳತೆಯ, ಥ್ರೆಡ್ ಕೊರೆಯುವ ಟ್ಯಾಪ್ ಹಾಕಿ ಥ್ರೆಡ್ ಸ್ವಚ್ಛ ಮಾಡಿಕೊಳ್ಳಿ. ಪ್ರತಿ ಬೋಲ್ಟೂ ಬೆರಳಲ್ಲೇ ಪೂರ್ತಿ ಒಳಗೆ ಹೋಗುತ್ತದೆಯೇ ಎಂದು ಈಗಲೇ ನೋಡಿದರೆ, ಮುಂದೆ ಡ್ಯಾಶ್‌ಬೋರ್ಡನ್ನು ಕೈಯಲ್ಲಿ ಎತ್ತಿ ಹಿಡಿದಾಗ ಪೇಚಾಡುವ ಪ್ರಸಂಗ ಬರುವುದಿಲ್ಲ.

ವೈರುಗಳ ಬಣ್ಣ

ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಲೂಕಾಸ್ ಎಂಬ ವಿದ್ಯುತ್ ಭಾಗಗಳ ಕಂಪನಿಯ ಪದ್ಧತಿಯ ಬಣ್ಣಗಳು ಬಳಕೆಯಲ್ಲಿದ್ದವು. ಅವನ್ನು ಒಮ್ಮೆ ತಿಳಿದುಕೊಂಡರೆ ನಕ್ಷೆಯಿಲ್ಲದೆಯೂ ಅರ್ಧ ಕೆಲಸ ಸಾಗುತ್ತದೆ. ಕಂದು ವೈರು ಬ್ಯಾಟರಿಯಿಂದ ನೇರವಾಗಿ ಬರುವಂಥದು. ಚಾವಿ ತೆಗೆದರೂ ಅದರಲ್ಲಿ ಕರೆಂಟು ಇದ್ದೇ ಇರುತ್ತದೆ. ಬಿಳಿಯದು ಇಗ್ನಿಷನ್ ಚಾವಿ ತಿರುಗಿಸಿದ ಮೇಲೆ ಬರುವುದು. ಹಸಿರು, ಚಾವಿಯ ನಂತರ ಫ್ಯೂಸ್ ದಾಟಿ ಬರುವುದು. ಮೀಟರು, ಇಂಡಿಕೇಟರು, ವೈಪರುಗಳಿಗೆ ಹೋಗುವುದು ಇದೇ. ಹೆಡ್‌ಲೈಟಿಗೆ ನೀಲಿ, ಪಾರ್ಕಿಂಗ್ ಮತ್ತು ಹಿಂದಿನ ದೀಪಕ್ಕೆ ಕೆಂಪು, ಅರ್ಥಿಗೆ (ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಗೆ) ಕಪ್ಪು. ಹಸಿರಿನ ಮೇಲೆ ಕಪ್ಪು ಗೆರೆ ಇದ್ದರೆ ಪೆಟ್ರೋಲ್ ಟ್ಯಾಂಕಿನಲ್ಲಿ ಮಟ್ಟ ಅಳೆಯುವ ಫ್ಲೋಟಿಗೆ, ಹಸಿರಿನ ಮೇಲೆ ನೀಲಿ ಗೆರೆ ಇದ್ದರೆ ಟೆಂಪರೇಚರಿಗೆ, ಬಿಳಿಯ ಮೇಲೆ ಕಂದು ಗೆರೆ ಇದ್ದರೆ ಆಯಿಲ್ ಪ್ರೆಷರ್ ದೀಪಕ್ಕೆ ಎಂದು ತಿಳಿಯಬೇಕು.

ಇದು ಗಾಡಿ ಕಾರ್ಖಾನೆಯಿಂದ ಹೊರಟ ದಿನದ ಲೆಕ್ಕ. ಅನಂತರದ ನಲವತ್ತು ವರ್ಷಗಳಲ್ಲಿ ಯಾರ ಕೈಯಲ್ಲಿ ಯಾವ ಬಣ್ಣದ ವೈರು ಇತ್ತೋ ಅದನ್ನೇ ಜೋಡಿಸಿರುತ್ತಾರೆ. ನನ್ನ ಗಾಡಿಯಲ್ಲಿ ಹಾರ್ನಿಗೆ ಹೋಗುವ ದಾರಿಯಲ್ಲಿ ಮೂರು ಬಣ್ಣದ ವೈರುಗಳನ್ನು ಹೆಣೆದು, ಮೇಲೆ ಟೇಪು ಸುತ್ತಲಾಗಿತ್ತು. ಟೇಪಿನ ಅಂಟು ಬಿಸಿಲಿಗೆ ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಅಂಟುತ್ತಿತ್ತು. ಹಾಗಾಗಿ ಬಣ್ಣವನ್ನು ನಂಬಿ, ಆದರೆ ಮಲ್ಟಿಮೀಟರಿನಿಂದ ಎರಡೂ ತುದಿ ನೋಡಿ ಖಚಿತಪಡಿಸಿಕೊಳ್ಳಿ. ವೈರಿಂಗ್ ಸೆಟ್ಟಿನಲ್ಲಿ ನಾಲ್ಕಾರು ಕಡೆ ಹೊದಿಕೆ ಒಡೆದಿದ್ದರೆ ತೇಪೆ ಹಾಕುವುದಕ್ಕಿಂತ ಹೊಸ ಸೆಟ್ ಕಟ್ಟಿಸುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಸೆಟ್ಟನ್ನು ಹಲಗೆಯ ಮೇಲೆ ಹಾಸಿ, ಕವಲುಗಳಿರುವಲ್ಲಿ ಮೊಳೆ ಹೊಡೆದು, ಅದೇ ಉದ್ದಕ್ಕೆ ಅದೇ ಬಣ್ಣದ ವೈರನ್ನು ಎಳೆದು ಕಟ್ಟಿದರೆ ಅದು ಗಾಡಿಯಲ್ಲಿ ತಾನಾಗಿಯೇ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಹೆಡ್‌ಲೈಟಿಗೆ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಸೇರಿಸಲು ಇದೇ ಸರಿಯಾದ ಸಮಯ. ಇಂದು ಸಾಮಾನ್ಯವಾಗಿ ಹಾಕುವ 60/55 ವ್ಯಾಟಿನ ಎರಡು ಬಲ್ಬುಗಳು ಹೈ ಬೀಮಿನಲ್ಲಿ 120 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತವೆ. ಅಷ್ಟು ಕರೆಂಟು ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚಿನ ಮೂಲಕವೇ ಹಾಯ್ದರೆ ಸ್ವಿಚ್ಚು ಕಾಯುತ್ತದೆ, ದೀಪವೂ ಮಂಕಾಗುತ್ತದೆ. ರಿಲೇ ಹಾಕಿದರೆ ಸ್ವಿಚ್ಚಿನ ಮೇಲಿನ ಭಾರ ಇಳಿಯುತ್ತದೆ.

ಮೀಟರುಗಳನ್ನು ಮೇಜಿನ ಮೇಲೆಯೇ ಪರೀಕ್ಷಿಸಿ

ಮೀಟರಿನ ಡಯಲನ್ನು ಮೃದುವಾದ ಒಣ ಬ್ರಷ್ಷಿನಿಂದ ಮಾತ್ರ ಒರೆಸಬೇಕು. ಥಿನ್ನರ್, ಸ್ಪಿರಿಟ್ ಮುಟ್ಟಿಸಿದರೆ ಅಂಕಿಗಳೇ ಅಳಿಸಿಹೋಗುತ್ತವೆ, ಅವನ್ನು ಮತ್ತೆ ಬರೆಯುವವರು ಸಿಗುವುದು ಕಷ್ಟ. ಗಾಜನ್ನು ಒಳಗಿನಿಂದ ಒರೆಸಿ, ಅದರ ಸುತ್ತಲಿನ ರಬ್ಬರ್ ರಿಂಗನ್ನು ಬದಲಾಯಿಸಿ. ನಮ್ಮ ಕೆಂಪು ಧೂಳನ್ನು ತಡೆಯುವುದು ಆ ಒಂದು ರಿಂಗು ಮಾತ್ರ. ಒಳಗಿನ ಸಣ್ಣ ಬಲ್ಬುಗಳೆಲ್ಲವನ್ನೂ ಹೊಸದಾಗಿ ಹಾಕಿ. ಇವುಗಳ ಪೈಕಿ ಕೆಂಪು ಚಾರ್ಜಿಂಗ್ ದೀಪವನ್ನು ಅಲಕ್ಷಿಸಬೇಡಿ. ಆಲ್ಟರ್ನೇಟರ್ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಆ ಬಲ್ಬಿನ ಮೂಲಕ ಹರಿಯುವ ಅಲ್ಪ ಕರೆಂಟಿನಿಂದಲೇ ಆಲ್ಟರ್ನೇಟರ್ ಚಾರ್ಜ್ ಮಾಡಲು ಆರಂಭಿಸುತ್ತದೆ. ಬಲ್ಬು ಸುಟ್ಟಿದ್ದರೆ ಚಾರ್ಜಿಂಗೇ ಶುರುವಾಗದಿರಬಹುದು, ನಾವು ಆಲ್ಟರ್ನೇಟರ್ ಬಿಚ್ಚಿ ರಿಪೇರಿಗೆ ಒಯ್ಯುತ್ತೇವೆ.

ಕೆಲವು ಮಾದರಿಗಳಲ್ಲಿ ಪೆಟ್ರೋಲ್ ಮತ್ತು ಟೆಂಪರೇಚರ್ ಮೀಟರುಗಳಿಗೆ ಒಂದು ಚಿಕ್ಕ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಅದರೊಳಗಿನ ಪಟ್ಟಿ ಕಾಯ್ದು ಬಾಗಿ, ಕರೆಂಟನ್ನು ತಡೆದು ತಡೆದು ಬಿಡುತ್ತ ಸರಾಸರಿ 10 ವೋಲ್ಟ್ ಕೊಡುತ್ತದೆ. ಅದರ ಡಬ್ಬಿಗೆ ಅರ್ಥ್ ಸರಿಯಾಗಿ ಸಿಗದಿದ್ದರೆ ಎರಡೂ ಮುಳ್ಳುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಎರಡು ಮೀಟರುಗಳು ಒಟ್ಟಿಗೆ ತಪ್ಪು ತೋರಿಸಿದರೆ ಮೀಟರನ್ನು ಬೈಯುವ ಮೊದಲು ಈ ಡಬ್ಬಿಯನ್ನು ನೋಡಬೇಕು.

ಬಣ್ಣದ ಅಡಿಯಲ್ಲಿ ಸಿಕ್ಕಿಕೊಂಡ ಅರ್ಥ್

ಮೊದಲ ಸಲ ಡ್ಯಾಶ್‌ಬೋರ್ಡ್ ಬಿಗಿದು, ಚಾವಿ ತಿರುಗಿಸಿ, ಎಡಗಡೆಯ ಇಂಡಿಕೇಟರ್ ಹಾಕಿದೆ. ಹಸಿರು ದೀಪ ಮಂಕಾಗಿ ಮಿಣುಕಿತು. ಅದರ ತಾಳಕ್ಕೆ ಸರಿಯಾಗಿ ಪೆಟ್ರೋಲ್ ಮೀಟರಿನ ಮುಳ್ಳು ಕೂಡ ಒಂದು ಅಕ್ಕಿಕಾಳಿನಷ್ಟು ಏರುವುದು, ಇಳಿಯುವುದು ಮಾಡುತ್ತಿತ್ತು. ಪಾರ್ಕಿಂಗ್ ದೀಪ ಹಾಕಿದರೆ ಮುಳ್ಳು ಇನ್ನಷ್ಟು ಸರಿಯಿತು. ಫ್ಲೋಟ್ ಬದಲಾಯಿಸಿದೆ, ಇಂಡಿಕೇಟರ್ ಮಿಣುಕಿಸುವ ಫ್ಲಾಷರ್ ಬದಲಾಯಿಸಿದೆ, ವೈರಿಂಗನ್ನು ಮೂರು ದಿನ ಮೇಲೆ ಕೆಳಗೆ ನೋಡಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಕೌಲ್ ಬಜಾರಿನ ಕಡೆಯಿಂದ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ನರನ್ನು ಕರೆತಂದೆ. ಅವರು ಯಾವ ವೈರನ್ನೂ ಮುಟ್ಟಲಿಲ್ಲ. ಒಂದು ತುಂಡು ವೈರಿನ ಒಂದು ತುದಿಯನ್ನು ಮೀಟರಿನ ಬೆನ್ನಿಗೆ, ಇನ್ನೊಂದು ತುದಿಯನ್ನು ಬಾಗಿಲ ಕೀಲಿನ ಬೋಲ್ಟಿಗೆ ಒತ್ತಿ ಹಿಡಿದರು. ಮುಳ್ಳು ನೆಟ್ಟಗೆ ನಿಂತಿತು, ಇಂಡಿಕೇಟರ್ ದೀಪ ಪ್ರಖರವಾಯಿತು.

“ತಮ್ಮಾ, ವೈರಿನ್ಯಾಗ ಏನೂ ತಪ್ಪಿಲ್ಲ. ಬಣ್ಣದ ಮ್ಯಾಲೆ ಬೋಲ್ಟ್ ಬಿಗದೀಯಲ್ಲ, ಅರ್ಥ್ ಎಲ್ಲಿಂದ ಬರಬೇಕು?” ಎಂದರು.

“ಮತ್ತ ಬಣ್ಣ ಕೆರೀಬೇಕೇನ್ರಿ ಕಾಕಾ?” ಎಂದು ಕೇಳಿದೆ. ಅಷ್ಟು ಖರ್ಚು ಮಾಡಿ ಹೊಡೆಸಿದ ಬಣ್ಣವನ್ನು ಕೆರೆಯಲು ನನಗೆ ಕೈ ಬರುತ್ತಿರಲಿಲ್ಲ.

“ವಾಸರ್ ಕೂಡೋವಷ್ಟ ಕೆರಿ, ಸಾಕು. ಯಾರಿಗೂ ಕಾಣಂಗಿಲ್ಲ.”

ಹಳೆಯ ಗಾಡಿಯಲ್ಲಿ ಮೀಟರಿನ ಬಲ್ಬುಗಳು, ಕೆಲವು ಸ್ವಿಚ್ಚುಗಳು ಡ್ಯಾಶ್‌ಬೋರ್ಡಿನ ತಗಡಿನ ಮೂಲಕವೇ ಅರ್ಥ್ ಪಡೆಯುತ್ತವೆ. ಹಿಂದೆ ತೆಳುವಾಗಿ ಹೊಡೆದ ಬಣ್ಣದ ನಡುವೆ ಬೋಲ್ಟುಗಳಿಗೆ ಬರಿಯ ತಗಡು ತಾಗುತ್ತಿತ್ತು. ಈಗ ನಾವು ಪ್ರೈಮರ್, ಬಣ್ಣ, ಕ್ಲಿಯರ್ ಎಂದು ಹಲವು ಪದರ ಹೊಡೆಸಿ ಡ್ಯಾಶ್‌ಬೋರ್ಡನ್ನು ಬಾಡಿಯಿಂದ ಬೇರ್ಪಡಿಸಿಬಿಟ್ಟಿರುತ್ತೇವೆ. ಮನೆಗೆ ಮರಳುವ ದಾರಿ ಮುಚ್ಚಿದ ಕರೆಂಟು ಬೇರೊಂದು ಬಲ್ಬಿನ, ಬೇರೊಂದು ಮೀಟರಿನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಒಂದು ಸ್ವಿಚ್ಚು ಒತ್ತಿದರೆ ಇನ್ನೊಂದು ಮುಳ್ಳು ಆಡುವುದು ಅದರಿಂದಲೇ. ಪರಿಹಾರ ಸರಳ. ಎರಡು ಬೋಲ್ಟುಗಳ ಹಿಂಬದಿಯಲ್ಲಿ ವಾಸರಿನ ಅಗಲಕ್ಕೆ ಬಣ್ಣ ಕೆರೆದು, ಬೆಳ್ಳಿಯಂತೆ ಹೊಳೆಯುವ ತಗಡು ಕಂಡ ಮೇಲೆ ಹಲ್ಲಿನ ವಾಸರ್ ಹಾಕಿ ಬಿಗಿಯಿರಿ. ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ತುಕ್ಕು ಬರುವುದಿಲ್ಲ. ಇದಲ್ಲದೆ ಮೀಟರುಗಳ ಬೆನ್ನಿನಿಂದ ಬಾಡಿಗೆ ಒಂದು ಪ್ರತ್ಯೇಕ ಕಪ್ಪು ವೈರನ್ನೂ ಎಳೆಯಿರಿ. ಎರಡನೆಯ ಸಲ ನಾನು ಎರಡನ್ನೂ ಮಾಡಿದೆ, ಆಮೇಲೆ ಮುಳ್ಳು ಅಲುಗಲಿಲ್ಲ.

ರೆಕ್ಸಿನ್ ಹೊದಿಕೆ

ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಮೆತ್ತೆಯ ಹೊದಿಕೆ ಇರುವ ಮಾದರಿಯಾದರೆ ಅದು ಬಿರುಕು ಬಿಟ್ಟಿರುವುದು ಸಹಜ. ಸಾಮಾನ್ಯ ಕುಶನ್ ಅಂಗಡಿಯ ಹೊಲಿಗೆ ಯಂತ್ರದಲ್ಲಿ ದಪ್ಪ ರೆಕ್ಸಿನ್ ಎರಡು ಮಡಿಕೆ ಬಂದ ಕಡೆ ಹೊಲಿಗೆ ಜಿಗಿಯುತ್ತದೆ. ಬಳ್ಳಾರಿಯವರಿಗೆ ಒಂದು ಅನುಕೂಲವಿದೆ: ಇದು ಜೀನ್ಸ್ ಹೊಲಿಯುವ ಊರು, ಡೆನಿಮ್ಮಿನ ನಾಲ್ಕು ಮಡಿಕೆಯನ್ನು ಲೀಲಾಜಾಲವಾಗಿ ಹೊಲಿಯುವ ಯಂತ್ರಗಳು ಓಣಿ ಓಣಿಯಲ್ಲಿವೆ. ನಾನು ಕತ್ತರಿಸಿದ ರೆಕ್ಸಿನ್ ತುಂಡುಗಳನ್ನು ಒಯ್ದು ಅಂಥ ಒಂದು ಮನೆಯಲ್ಲೇ ಹೊಲಿಸಿದೆ. ಹೊಲಿಗೆ ಇವತ್ತಿಗೂ ನೂಲು ಬಿಟ್ಟಿಲ್ಲ. ಹತ್ತಿಯ ನೂಲು ಬಿಸಿಲಿಗೆ ಸೀಳುವುದರಿಂದ ಪಾಲಿಯೆಸ್ಟರ್ ನೂಲನ್ನೇ ಕೇಳಿ ಹಾಕಿಸಬೇಕು.

ರೆಕ್ಸಿನನ್ನು ಎಳೆದು ಕೂರಿಸುವ ಮೊದಲು ಹತ್ತು ನಿಮಿಷ ಬಿಸಿಲಿಗೆ ಹರವಿದರೆ ಮೆತ್ತಗಾಗಿ ಅಂಚುಗಳಲ್ಲಿ ಸುಕ್ಕಿಲ್ಲದೆ ಬಾಗುತ್ತದೆ. ಅಂಟನ್ನು ಮಾತ್ರ ಮುಂಜಾನೆಯೇ ಹಚ್ಚಿ. ಮಧ್ಯಾಹ್ನದ ಸೆಕೆಯಲ್ಲಿ ಒಂದು ತುದಿಗೆ ಹಚ್ಚಿ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಮೊದಲನೆಯದು ಒಣಗಿಹೋಗಿರುತ್ತದೆ.

ಎತ್ತಿ ತೂಗುಹಾಕುವುದು

ಈ ಹಂತಕ್ಕೆ ಇಬ್ಬರು ಬೇಕೇ ಬೇಕು. ಬ್ಯಾಟರಿಯ ವೈರನ್ನು ತೆಗೆದಿಡಿ. ಸೀಟುಗಳು ಗಾಡಿಯಲ್ಲಿ ಇರಬಾರದು. ಬೆನ್ನ ಮೇಲೆ ಮಲಗಿ ಕೆಲಸ ಮಾಡಲು ನೆಲದಲ್ಲಿ ಜಾಗ ಬೇಕು. ಸ್ಟಿಯರಿಂಗ್ ಕಾಲಮ್ಮಿಗೆ ಹಳೆಯ ಕಂಬಳಿ ಸುತ್ತಿ, ಬಾಗಿಲ ಕಂಬಗಳಿಗೆ ಬಟ್ಟೆ ಅಂಟಿಸಿ. ಡ್ಯಾಶ್‌ಬೋರ್ಡಿನ ಮೂಲೆ ಹೊಸ ಬಣ್ಣಕ್ಕೆ ಗೀರು ಹಾಕುವುದು ಅಲ್ಲಿಯೇ. ತಗಡು ತಗಡಿಗೆ ತಾಗುವ ಉದ್ದಕ್ಕೂ ತೆಳುವಾದ ಫೆಲ್ಟ್ ಪಟ್ಟಿ ಅಂಟಿಸಿದರೆ ಮುಂದೆ ಕಿರ್ರೆನ್ನುವ ಸದ್ದು ಬರುವುದಿಲ್ಲ. ಆದರೆ ಅರ್ಥಿಗಾಗಿ ಕೆರೆದ ಜಾಗಗಳ ಮೇಲೆ ಅದು ಬೀಳದಂತೆ ನೋಡಿಕೊಳ್ಳಿ.

ಇಬ್ಬರೂ ಎರಡು ತುದಿ ಹಿಡಿದು ಒಳಗೆ ತಂದು, ಎರಡೂ ಕೊನೆಯ ಬೋಲ್ಟುಗಳನ್ನು ಮೂರು ನಾಲ್ಕು ಸುತ್ತು ಮಾತ್ರ ಹಾಕಿ. ಈಗ ಡ್ಯಾಶ್‌ಬೋರ್ಡು ಒಂದು ಗೇಣು ಮುಂದಕ್ಕೆ ಬಾಗಿ ತೂಗುತ್ತಿರಬೇಕು. ಬೋಲ್ಟಿನಲ್ಲಿ ಅಷ್ಟು ಆಟ ಇಲ್ಲದ ಮಾದರಿಯಾದರೆ ಕೆಳಗೆ ಮರದ ತುಂಡಿನ ಆಸರೆ ಕೊಟ್ಟು ನಿಲ್ಲಿಸಿ. ಜೋಡಣೆಯೆಲ್ಲ ಆಗಬೇಕಾದದ್ದು ಈ ಗೇಣಿನ ಸಂದಿಯಲ್ಲಿಯೇ.

ಮೊದಲು ಕೊಡಬೇಕಾದ್ದು ಸ್ಪೀಡೋಮೀಟರ್ ಕೇಬಲ್. ಒಳಗಿನ ತಂತಿಯನ್ನು ಹೊರಗೆಳೆದು ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ, ಮೀಟರಿನ ಕಡೆಯ ಕೊನೆಯ 20 ಸೆಂಟಿಮೀಟರನ್ನು ಒಣಗಿಯೇ ಬಿಡಿ. ಇಲ್ಲವಾದರೆ ಗ್ರೀಸು ಮೇಲೇರಿ ಮೀಟರಿನೊಳಗೆ ಸೇರುತ್ತದೆ. ಕೇಬಲ್ ಎಲ್ಲಿಯೂ ಬಿಗಿಯಾಗಿ ತಿರುಗಬಾರದು. ಬಾಗುವ ಸುತ್ತಿನ ತ್ರಿಜ್ಯ 15 ಸೆಂಟಿಮೀಟರಿಗಿಂತ ಕಡಿಮೆಯಾದರೆ ಮುಳ್ಳು ನಡುಗುತ್ತದೆ. ತುದಿಯ ಚೌಕ ಮೀಟರಿನ ತೂತಿನಲ್ಲಿ ಕೂತದ್ದು ಬೆರಳಿಗೆ ತಿಳಿದ ಮೇಲೆಯೇ ಹೊರಗಿನ ನಟ್ಟನ್ನು ಕೈಯಿಂದ ತಿರುಗಿಸಿ, ಪಾನಾ ಬೇಡ.

ಕೊಳವೆಯ ಟೆಂಪರೇಚರ್ ಮೀಟರ್ ಇದ್ದರೆ ಅದರ ಸಣ್ಣ ತಾಮ್ರದ ಕೊಳವೆಯನ್ನು ಮಗುವಿನ ಕೈಯಂತೆ ಹಿಡಿಯಬೇಕು. ಮೀಟರು, ಕೊಳವೆ, ತುದಿಯ ಬಲ್ಬು (ಶಾಖ ಹಿಡಿಯುವ ಗುಂಡು, ದೀಪವಲ್ಲ) ಮೂರೂ ಒಂದೇ ಅಂಗ; ಒಳಗಿನ ದ್ರವ ಸೋರಿದರೆ ಇಡೀ ಮೀಟರು ಹಾಳಾದಂತೆ. ಹೆಚ್ಚಾದ ಉದ್ದವನ್ನು ಮಡಚದೆ ದೊಡ್ಡ ಸುರುಳಿಯಾಗಿ ಸುತ್ತಿ ಸಡಿಲವಾಗಿ ಕಟ್ಟಿ. ಆಯಿಲ್ ಪ್ರೆಷರಿಗೆ ಪೈಪು ಬರುವ ಗಾಡಿಯಾದರೆ ವಾಸರನ್ನು ಹೊಸದಾಗಿ ಹಾಕಿ. ಅಲ್ಲಿ ಸೋರುವುದು ಎಂಜಿನ್ನಿನ ಕಾದ ಎಣ್ಣೆ, ಬೀಳುವುದು ಓಡಿಸುವವನ ಕಾಲಿನ ಮೇಲೆ. ಕರೆಂಟು ಅಳೆಯುವ ಆಮ್ಮೀಟರ್ ಇರುವ ಗಾಡಿಯಲ್ಲಿ ಅದರ ಎರಡೂ ನಟ್ಟುಗಳನ್ನು ಚೆನ್ನಾಗಿ ಬಿಗಿದು ರಬ್ಬರ್ ಟೊಪ್ಪಿ ಹಾಕಿ. ಸ್ಟಾರ್ಟರ್ ಒಂದನ್ನು ಬಿಟ್ಟರೆ ಗಾಡಿಯ ಬಹುತೇಕ ಕರೆಂಟು ಅದರ ಮೂಲಕವೇ ಹಾಯುತ್ತದೆ, ನಟ್ಟು ಸಡಿಲವಾದರೆ ಅಲ್ಲಿ ಬಿಸಿ ಏಳುತ್ತದೆ.

ಮೊದಲ ಕರೆಂಟು

ಬ್ಯಾಟರಿಯನ್ನು ನೇರವಾಗಿ ಜೋಡಿಸಬೇಡಿ. ಹಳೆಯ ಇಂಡಿಕೇಟರಿನ 21 ವ್ಯಾಟಿನ ಒಂದು ಬಲ್ಬನ್ನು ಬ್ಯಾಟರಿಯ ಟರ್ಮಿನಲ್ಲಿಗೂ ಅದರ ವೈರಿಗೂ ನಡುವೆ ಕೊಡಿ. ಚಾವಿ, ಸ್ವಿಚ್ಚುಗಳೆಲ್ಲ ಬಂದ್ ಇರುವಾಗ ಆ ಬಲ್ಬು ಪೂರ್ತಿ ಬೆಳಗಿದರೆ ಎಲ್ಲಿಯೋ ಶಾರ್ಟ್ ಇದೆ ಎಂದು ಅರ್ಥ. ಬಲ್ಬು ಎರಡು ಆಂಪಿಯರಿಗಿಂತ ಕಡಿಮೆ ಕರೆಂಟನ್ನು ಮಾತ್ರ ಬಿಡುವುದರಿಂದ ವೈರು ಸುಡುವುದಿಲ್ಲ, ನಿಧಾನವಾಗಿ ಹುಡುಕಬಹುದು. ಬಲ್ಬು ಬೆಳಗದಿದ್ದರೆ ಅದನ್ನು ತೆಗೆದು, ಒಂದು ಫ್ಯೂಸಿನ ಮೂಲಕ ಜೋಡಿಸಿ, ಒಂದೊಂದೇ ಸ್ವಿಚ್ಚನ್ನು ಹಾಕಿ ನೋಡಿ. ಇನ್ನೊಬ್ಬರು ಹೊರಗೆ ನಿಂತು ದೀಪಗಳನ್ನು ಕೂಗಿ ಹೇಳಲಿ. ಪೆಟ್ರೋಲ್ ಮೀಟರನ್ನು ನೋಡಲು ಫ್ಲೋಟಿನ ವೈರನ್ನು ಮೀಟರಿನಿಂದ ತೆಗೆದು, ಅದು ಕೂತಿದ್ದ ಟರ್ಮಿನಲ್ಲನ್ನು ಒಂದು ತುಂಡು ವೈರಿನಿಂದ ಒಂದೆರಡು ಸೆಕೆಂಡು ಬಾಡಿಗೆ ಮುಟ್ಟಿಸಿ, ಅದೂ ಟ್ಯಾಂಕಿನ ಬಳಿ ಕಿಡಿ ಹಾರದಂತೆ ಡ್ಯಾಶ್‌ಬೋರ್ಡಿನ ಕಡೆಯ ತುದಿಯಲ್ಲಿ. ಮುಳ್ಳು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೊರಟರೆ ಮೀಟರು ಸರಿಯಿದೆ. ಎಂಜಿನ್ ಸ್ಟಾರ್ಟ್ ಮಾಡುವ ಹೊತ್ತಿಗೆ ಫ್ಯೂಸನ್ನು ತೆಗೆದು ಬ್ಯಾಟರಿ ವೈರನ್ನು ನೇರವಾಗಿ ಬಿಗಿಯಿರಿ. ಸ್ಟಾರ್ಟರಿನ ಕರೆಂಟನ್ನು ಆ ಫ್ಯೂಸು ತಡೆಯಲಾರದು. ಆಯಿಲ್ ದೀಪ ಆರಿತೆ, ಚಾರ್ಜಿಂಗ್ ದೀಪ ಆರಿತೆ ನೋಡಿ, ಅರ್ಧ ಗಂಟೆ ಓಡಿಸಿ, ಹಿಂದೆ ಕೈ ಹಾಕಿ ಯಾವ ವೈರಾದರೂ ಬೆಚ್ಚಗಾಗಿದೆಯೇ ಎಂದು ಮುಟ್ಟಿ ತಿಳಿಯಿರಿ.

ಇಷ್ಟಾದ ಮೇಲೆಯೇ ಬೋಲ್ಟುಗಳನ್ನು ಬಿಗಿಯಬೇಕು. ನಡುವಿನಿಂದ ಆರಂಭಿಸಿ ಎರಡೂ ಬದಿಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದರೆ ಡ್ಯಾಶ್‌ಬೋರ್ಡು ಸೊಟ್ಟಗಾಗುವುದಿಲ್ಲ. ಸ್ಟಿಯರಿಂಗ್ ಕಾಲಮ್ಮಿನ ಮೇಲಿನ ಬ್ರಾಕೆಟ್ ಡ್ಯಾಶ್‌ಬೋರ್ಡಿನ ಚೌಕಟ್ಟಿಗೆ ಕೂಡುವ ಗಾಡಿಯಾದರೆ ಆ ಎರಡು ಬೋಲ್ಟುಗಳು ಅಲಂಕಾರದ ಭಾಗವಲ್ಲ, ಪ್ರಾಣದ ಭಾಗ. ಹೊಸ ಸ್ಪ್ರಿಂಗ್ ವಾಸರ್ ಹಾಕಿ, ಪೂರ್ತಿ ಬಿಗಿದು, ಸ್ಟಿಯರಿಂಗನ್ನು ಮೇಲೆ ಕೆಳಗೆ ಅಲುಗಿಸಿ ಆಟ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕೊನೆಗೆ ಪೆಡಲುಗಳನ್ನು ಪೂರ್ತಿ ಒತ್ತಿ, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ. ಯಾವ ವೈರೂ ಅವುಗಳಿಗೆ ಸಿಕ್ಕಬಾರದು.

ನಾನು ಗಾಡಿಯನ್ನು ಪರೀಕ್ಷಿಸಲು ಹೊಸಪೇಟೆ ರಸ್ತೆಯಲ್ಲಿ ತೋರಣಗಲ್ಲಿನವರೆಗೆ ಹೋಗಿ ಬಂದೆ. ಅದಿರಿನ ಲಾರಿಗಳು ಓಡಾಡುವ ಆ ಕಡೆ ಸಡಿಲವಿದ್ದದ್ದೆಲ್ಲ ತಾನಾಗಿಯೇ ಮಾತಾಡುತ್ತದೆ. ಪಕ್ಕದಲ್ಲಿ ಕೂತ ತಮ್ಮ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಒತ್ತುತ್ತ ಬಂದ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದ. ಮೊಬೈಲಿನ ಜಿಪಿಎಸ್ಸಿನ ವೇಗವನ್ನು ಸ್ಪೀಡೋಮೀಟರಿನ ಜೊತೆ ಹೋಲಿಸಿ ಬರೆದುಕೊಂಡೆವು. ಮನೆಗೆ ಬಂದು, ಗುರುತಿನ ಮೂರು ಕಡೆ ಫೆಲ್ಟ್ ಸೇರಿಸಿ, ಬೋಲ್ಟುಗಳಿಗೆಲ್ಲ ಮತ್ತೊಮ್ಮೆ ಪಾನಾ ಹಾಕಿದೆವು. ಕೆಳಗಿನ ತಟ್ಟೆ ಮತ್ತು ಗ್ಲೋವ್ ಬಾಕ್ಸನ್ನು ಮಾತ್ರ ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಹಾಕಿದೆ. ಅಷ್ಟರವರೆಗೆ ಪ್ರತಿ ಸಂಜೆ ಟಾರ್ಚ್ ಹಿಡಿದು ಕೆಳಗಿನಿಂದ ನೋಡುವುದಕ್ಕೆ ಆ ಬಾಯಿ ತೆರೆದೇ ಇರಬೇಕು.